ಊಟದ ಹೊತ್ತಿನಲ್ಲಿ ಕೇಳಿಸದ ಸದ್ದು

ಸಾವಂತ್ರಮ್ಮನವರ ಮನೆಯ ಮೆಟ್ಟಿಲ ಬಳಿ ಓಬಳೇಶ್ ಚಪ್ಪಲಿ ಬಿಟ್ಟ, ಮತ್ತೆ ಮೆಟ್ಟಿಕೊಂಡ, ಮತ್ತೆ ಬಿಟ್ಟ. ಒಳಗಿನಿಂದ ಧ್ವನಿ ಬಂತು.

"ಬರೋದಾದ್ರೆ ಬಾ, ಹೋಗೋದಾದ್ರೆ ಹೋಗು. ಚಪ್ಪಲಿ ಸವೀತೈತೆ."

ಅವರು ನಡುಮನೆಯಲ್ಲಿ ಮೊರ ತೊಡೆಯ ಮೇಲಿಟ್ಟುಕೊಂಡು ತೊಗರಿಬೇಳೆ ಆರಿಸುತ್ತಿದ್ದರು. ಜಗಳೂರು, ಚನ್ನಗಿರಿ, ಕೊನೆಗೆ ನ್ಯಾಮತಿ ಎಂದು ಮೂವತ್ತೊಂದು ವರ್ಷ ಹಾಸ್ಟೆಲ್ ವಾರ್ಡನ್ ಆಗಿದ್ದವರು. ನಿವೃತ್ತಿಯಾಗಿ ನಾಲ್ಕು ವರ್ಷವಾಗಿದ್ದರೂ ದಿನಕ್ಕೆ ಎರಡು ಸೇರು ಬೇಳೆ ಆರಿಸದೆ ಅವರಿಗೆ ತಲೆ ಓಡುತ್ತಿರಲಿಲ್ಲ. ಆರಿಸಿದ್ದನ್ನು ಅಂಗನವಾಡಿಗೆ ಕೊಟ್ಟು ಆರಿಸದ್ದನ್ನು ತರುತ್ತಿದ್ದರು. ಜಗಳೂರಿನ ಹಾಸ್ಟೆಲ್ ಅಕ್ಕಿ ಹೇಗೆ ಕರಗುತ್ತಿತ್ತು, ಚನ್ನಗಿರಿಯಲ್ಲಿ ಉತ್ತರಪತ್ರಿಕೆಯ ಕಟ್ಟು ಎಲ್ಲಿ ಹೋಯಿತು ಎಂಬುದನ್ನೆಲ್ಲ ಅವರು ಆ ಮೊರದ ಮುಂದೆ ಕೂತೇ ಬಿಡಿಸಿದ್ದರು. ಎರಡೂ ಸಲ ಅವರ ಪಕ್ಕದಲ್ಲಿದ್ದವನು ಓಬಳೇಶ್. ಆಗ ಅವನು ಹಾಸ್ಟೆಲ್ಲಿನ ಅಡುಗೆ ಸಹಾಯಕ. ಅವನನ್ನು ಬೈದು ಸಂಜೆ ಕಾಲೇಜಿಗೆ ಸೇರಿಸಿದ್ದೂ, ಕೊನೆಗೆ ಮೇಷ್ಟ್ರನ್ನಾಗಿ ಮಾಡಿದ್ದೂ ಸಾವಂತ್ರಮ್ಮನವರೇ. ಈಗ ಅವನು ಗೋವಿನಕೋವಿಯ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕ. ಆದರೂ ಹಾಜರಿ ಪುಸ್ತಕ ಹಿಡಿದಾಗಲೆಲ್ಲ ಯಾರೋ ಬಂದು 'ಇದು ನಿನ್ನದಲ್ಲ, ಇಡು' ಎಂದಂತೆ ಅವನಿಗೆ ಅನಿಸುತ್ತಿತ್ತು.

"ಅಮ್ಮಾರೆ, ನಾನೊಂದು ಮಗೀಗೆ ಅನ್ಯಾಯ ಮಾಡಿದೆ," ಎಂದ ಅವನು, ನಿಂತೇ. "ಮಾಡ್ಲಿಲ್ವೋ ಏನೋ. ಅದೇ ಗೊತ್ತಾಗ್ತಿಲ್ಲ."

"ಕುಂತ್ಕ. ಮೊದ್ಲಿಂದ ಹೇಳು. ನಿಂಗೆ ಬ್ಯಾಡ ಅನ್ಸಿದ್ದನ್ನೂ ಹೇಳು."

ಓಬಳೇಶ್ ಹೇಳತೊಡಗಿದ.

ಹೊನ್ನಾಳಿಯಲ್ಲಿ 'ಹೊಳೆದಂಡೆ ಮೆಲೊಡೀಸ್' ಎಂಬ ಆರ್ಕೆಸ್ಟ್ರಾ ಇತ್ತು. ಸುತ್ತಲ ನಾಲ್ಕು ತಾಲ್ಲೂಕಿನಲ್ಲಿ ಗಣಪತಿ ಕೂರಿಸಿದರೆ, ಕಾಲೇಜು ಡೇ ಆದರೆ, ಅವರದೇ ರಸಮಂಜರಿ. ಮಕ್ಕಳು ನೋಡಿದ್ದು ಬಣ್ಣದ ದೀಪದ ಕೆಳಗಿನ ಆರ್ಕೆಸ್ಟ್ರಾವನ್ನು ಮಾತ್ರ. ಒಂದು ಹಾಡು ವೇದಿಕೆಗೆ ಬರುವ ಮೊದಲು ಎಷ್ಟು ಸಲ ಕೆಡುತ್ತದೆ, ಎಷ್ಟು ಸಲ ರಿಪೇರಿಯಾಗುತ್ತದೆ ಎಂದು ಅವರಿಗೆ ತೋರಿಸಬೇಕೆಂಬುದು ಓಬಳೇಶನ ಆಸೆ. ಎರಡು ವರ್ಷದಲ್ಲಿ ಮೂರು ಸಲ ಮಾಲೀಕ ರಂಗನಾಥ್ ಅವರನ್ನು ಕೇಳಿದ್ದ. ಮೂರು ಸಲವೂ ಅವರು "ಪ್ರಾಕ್ಟೀಸ್ ಅಂದ್ರೆ ಅಡಿಗೆಮನೆ ಇದ್ದಂಗೆ ಮೇಷ್ಟ್ರೆ, ಹೊರಗಿನೋರನ್ನ ಬಿಡಾಕಾಗಲ್ಲ" ಎಂದಿದ್ದರು. ಹೋದ ವಾರ ಅವರೇ ಫೋನು ಮಾಡಿ, "ಸೋಮವಾರ ಕರ್ಕಂಡು ಬರ್ರಿ. ಊಟಾನೂ ನಮ್ದೇ," ಎಂದರು. ಓಬಳೇಶ್ ಆ ರಾತ್ರಿ ಖುಷಿಗೆ ನಿದ್ದೆ ಮಾಡಿರಲಿಲ್ಲ, ಆಮೇಲೆ ಭಯಕ್ಕೆ.

ಸೋಮವಾರ ಇಪ್ಪತ್ಮೂರು ಮಕ್ಕಳನ್ನು ಬಸ್ ಹತ್ತಿಸಿ, ಇಳಿಸಿ, ಎರಡೂ ಸಲ ಎಣಿಸಿ, ಹೊಳೆ ಪಕ್ಕದ ಸಮುದಾಯ ಭವನಕ್ಕೆ ಕರೆದುಕೊಂಡು ಹೋದ. ಅಲ್ಲಿ ನಾಲ್ವರಿದ್ದರು. ಮಾಲೀಕರೂ ಮುಖ್ಯ ಗಾಯಕರೂ ಆದ ರಂಗನಾಥ್, ಗಾಯಕಿ ಚೈತ್ರಾ, ಕೀಬೋರ್ಡ್ ನುಡಿಸುವ ಓಂಕಾರ್, ಸೌಂಡ್ ನೋಡಿಕೊಳ್ಳುವ ದೊಡ್ಡಣ್ಣ. ಗಿಟಾರು, ತಬಲದವರು ಮೂರು ಗಂಟೆಯ ಮೇಲೆ ಬರುವವರಿದ್ದರು.

ಒಂದೇ ಹಾಡಿನ ನಾಲ್ಕು ಸಾಲನ್ನು ಅವರು ಹನ್ನೊಂದು ಸಲ ನುಡಿಸಿದರು. ಹಿಂದಿನ ಬೆಂಚಿನವರು ಆಕಳಿಸಿದರು. ಎಂಟನೇ ಕ್ಲಾಸಿನ ಎರಡು ಜಡೆಯ ಅಂಬಿಕಾ ಮಾತ್ರ ಕಣ್ಣು ಮಿಟುಕಿಸದೆ ಓಂಕಾರನ ಬೆರಳನ್ನೇ ನೋಡುತ್ತಿದ್ದಳು. ದೊಡ್ಡಣ್ಣ ಹಾಲಿನ ಹಿಂಬಾಗಿಲ ಪಕ್ಕದಲ್ಲಿದ್ದ ಮಿಕ್ಸರಿನ ಹತ್ತಿರ ಮಕ್ಕಳನ್ನು ಕರೆದು, ಸಾಲಾಗಿರುವ ಸ್ಲೈಡರುಗಳನ್ನು ತೋರಿಸಿದ. ಮೇಲಕ್ಕೆ ತಳ್ಳಿದರೆ ಸದ್ದು, ಕೆಳಕ್ಕೆ ಎಳೆದರೆ ಇಲ್ಲ. ಒಂದು ರಂಗನಾಥ್, ಎರಡು ಚೈತ್ರಾ, ನಾಲ್ಕನೆಯದು ಕೀಬೋರ್ಡ್.

"ಮೂರು ಯಾರ್ದು ಅಣ್ಣಾ?"

"ಅದು ಕೆಟ್ಟೈತೆ. ನಮ್ ಸಾಹುಕಾರ್ರು ಸೌಂಡ್ ಸೆಟ್ ಬಾಡಿಗೆಗೆ ಕೊಡ್ತಿದ್ದ ಕಾಲ್ದಿಂದ್ಲೂ ಕೆಟ್ಟೈತೆ. ಈ ಮಿಕ್ಸರ್ ಅವರ್ದೇ, ಆಗಿಂದು," ಎಂದು ದೊಡ್ಡಣ್ಣ ನಕ್ಕ.

ಓಂಕಾರ್ ಕೀಬೋರ್ಡಿನ ಹಿಂದೆ ಸಿಕ್ಕಿಸಿದ್ದ ಒಂದು ಪೆನ್‌ಡ್ರೈವ್ ತೋರಿಸಿದ. ಬಿಳಿಚೋಡಿನ ಉರುಮೆ, ಸೂಳೆಕೆರೆ ಕಡೆಯ ತಮಟೆ, ಮೂರೂರಿನ ಓಲಗ, ಎಲ್ಲವನ್ನೂ ಎಂಟು ವರ್ಷ ಊರೂರು ತಿರುಗಿ ರೆಕಾರ್ಡ್ ಮಾಡಿ ಅದರಲ್ಲಿ ತುಂಬಿದ್ದ. ಒಂದು ಕೀ ಒತ್ತಿದರೆ ಉರುಮೆ ಗುರ್‌ಗುಟ್ಟುತ್ತಿತ್ತು. "ಇದು ಹೋದ್ರೆ ನಾನು ಹೋದಂಗೆ," ಎಂದ. "ಕಾಪಿ ಇದ್ದ ಲ್ಯಾಪ್‌ಟಾಪು ಹೋದ್ವರ್ಷ ಹೊಳೆ ನೀರು ಮನೆಗೆ ನುಗ್ಗಿದಾಗ ಕೆಡ್ತು. ಇನ್ನೊಂದು ಮಾಡ್ಬೇಕು ಮಾಡ್ಬೇಕು ಅಂತ ಮಾಡೇ ಇಲ್ಲ. ಮತ್ತೆ ಇದನ್ನ ಕೀಬೋರ್ಡು ಆನ್ ಇದ್ದಾಗ ಕೀಳಂಗಿಲ್ಲ. ಕಿತ್ರೆ ಒಳಗಿರೋದೆಲ್ಲ ಹಾಳಾಗ್ತೈತೆ. ಆಫ್ ಮಾಡಿನೇ ತೆಗೀಬೇಕು."

ಟೀ ಹೊತ್ತಿಗೆ ರಂಗನಾಥ್ ತಾವಾಗಿಯೇ, "ಬರ್ರೋ, ಬರ್ರವ್ವ, ಮುಟ್ಟಿ ನೋಡ್ರಿ," ಎಂದು ಮಕ್ಕಳನ್ನು ವೇದಿಕೆಗೆ ಕರೆದರು. ಅಂಬಿಕಾ ಮೊದಲು ಓಡಿದಳು. ಬಗ್ಗಿ ಕೀಬೋರ್ಡಿನ ಹಿಂಭಾಗ ನೋಡುತ್ತ ಯಾವುದೋ ಗುಂಡಿ ಒತ್ತಿಬಿಟ್ಟಳು. ಕೀಬೋರ್ಡು ಆಫಾಯಿತು. ಸ್ಪೀಕರಿನಿಂದ 'ಧಡ್' ಎಂದು ಸಿಡಿಲು ಬಡಿದಂತೆ ಸದ್ದು. ಊಟದ ಕೋಣೆಯಲ್ಲೂ ಒಂದು ಸ್ಪೀಕರ್ ಇತ್ತು. ಅಲ್ಲಿದ್ದ ಅಡುಗೆಯ ಸಣ್ಣಪ್ಪ ಸೌಟು ಕೈಬಿಟ್ಟು, "ಯಾವಳೇ ಅವ್ಳು, ನನ್ ಎದೆ ಒಡೆದ್ಳಲ್ಲೇ!" ಎಂದು ಕೂಗಿದ. ಎಲ್ಲರೂ ನಕ್ಕರು. ಅಂಬಿಕಾ ನಗಲಿಲ್ಲ.

ಒಂದು ಗಂಟೆಗೆ ಊಟ. ಓಂಕಾರ್ ಕೀಬೋರ್ಡನ್ನು ಆನ್ ಇಟ್ಟೇ ಎದ್ದ. ಮತ್ತೆ ಆನ್ ಮಾಡಿದರೆ ಎಲ್ಲ ಲೋಡ್ ಆಗಲು ಹೊತ್ತು ಹಿಡಿಯುತ್ತದೆಂದ. ಚೈತ್ರಾ ತನ್ನ ಮೈಕನ್ನು ಸ್ಟ್ಯಾಂಡಿನಲ್ಲೇ ಬಿಟ್ಟಳು. ರಂಗನಾಥ್ ತಮ್ಮದನ್ನು ಕಂಕುಳಲ್ಲಿ ಹಿಡಿಯುವಷ್ಟು ಸಣ್ಣ ಡಬ್ಬಿಯಲ್ಲಿಟ್ಟು, ಚನ್ನಗಿರಿಯ ಕಮಿಟಿಯವರ ಫೋನು ಎಂದು ಹೊಳೆಯ ಕಡೆ ನಡೆದರು. ಓಂಕಾರ್, ಚೈತ್ರಾ ಹೊರಗೆ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದರು. ಮಧ್ಯದಲ್ಲಿ ಒಬ್ಬೊಬ್ಬರೂ ಒಂದೊಂದು ಸಲ ಎದ್ದು ಹೋಗಿದ್ದರು, ಕೈ ತೊಳೆಯಲು, ನೀರು ತರಲು. ದೊಡ್ಡಣ್ಣ ಮಕ್ಕಳ ಜೊತೆ ಊಟದ ಕೋಣೆಯಲ್ಲಿ, ಓಬಳೇಶನ ಪಕ್ಕದಲ್ಲೇ ಕೂತು, ಮೂರು ಸಲ ಚಿತ್ರಾನ್ನ ಹಾಕಿಸಿಕೊಂಡ.

"ಊಟದ ಮಧ್ಯೆ ಎಣಿಸಿದೆ ಅಮ್ಮಾರೆ. ಇಪ್ಪತ್ತೆರಡು. ನನ್ ಎದೆ ನಿಂತೇ ಹೋತು. ಐದು ನಿಮಿಷಕ್ಕೆ ಅಂಬಿಕಾ ಬಂದ್ಳು, ಹಾಲಿನ ಕಡೆಯಿಂದ. ನಾನೇನೂ ಕೇಳ್ಲಿಲ್ಲ. ಕೇಳ್ಬೇಕಿತ್ತು."

ಎರಡು ಗಂಟೆಗೆ ಓಂಕಾರ್ ಬಂದು ನೋಡಿದರೆ ಕೀಬೋರ್ಡು ಆಫಾಗಿತ್ತು. ಆನ್ ಮಾಡಿ ಒತ್ತಿದ, ಸದ್ದಿಲ್ಲ. ದೊಡ್ಡಣ್ಣ ಮಿಕ್ಸರ್ ನೋಡಿ, "ಅಯ್ಯ, ನಾಲ್ಕು ಕೆಳಗೈತಲ್ಲ! ನಾನಿಳಿಸಿಲ್ಲಪ್ಪ," ಎಂದು ಗೊಣಗುತ್ತ ಸ್ಲೈಡರನ್ನು ಮೇಲೆ ತಳ್ಳಿದ. ಸದ್ದು ಬಂತು, ಉರುಮೆ ಬರಲಿಲ್ಲ. ಓಂಕಾರ್ ಹಿಂದೆ ಕೈಹಾಕಿದ. ಪೆನ್‌ಡ್ರೈವ್ ಇರಲಿಲ್ಲ.

ಓಂಕಾರ್ ಪೊಲೀಸರನ್ನು ಕರೆಯುತ್ತೇನೆಂದು ಹಾರಾಡಿದ. ರಂಗನಾಥರೇ ತಡೆದು, "ಮಕ್ಳು ಇದ್ದಾರಪ್ಪ, ಪೊಲೀಸ್ ಬ್ಯಾಡ. ಮೊದ್ಲು ನನ್ನ ನೋಡ್ರಿ," ಎಂದು ತಮ್ಮ ಜೇಬನ್ನು ಹೊರಗೆಳೆದು ತೋರಿಸಿದರು. ಆಮೇಲೆ ಎಲ್ಲರ ಬ್ಯಾಗು ನೋಡಿದ್ದಾಯಿತು. ಸಣ್ಣಪ್ಪ, "ಆ ಎರಡು ಜಡೆ ಹುಡ್ಗಿ ಹಾಲಿಂದ ಬರೋದು ಕಂಡೆ," ಎಂದ. ಎಲ್ಲರೂ ಓಬಳೇಶನ ಮುಖ ನೋಡಿದರು. ಅವನು ಎಲ್ಲರ ಮುಂದೆ ಅಂಬಿಕಾಳ ಬ್ಯಾಗನ್ನು ತಾನೇ ನೆಲಕ್ಕೆ ಸುರಿದ. ಪೆನ್‌ಡ್ರೈವ್ ಸಿಗಲಿಲ್ಲ. ಸಿಕ್ಕಿದ್ದು ಉದ್ದನೆಯ ಒಂದು ರಟ್ಟು. ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದ ಕಪ್ಪು ಬಿಳಿ ಮನೆಗಳು: ಒಂದು ಕೀಬೋರ್ಡು. ಒತ್ತಿ ಒತ್ತಿ ಬಿಳಿ ಮನೆಗಳೆಲ್ಲ ಬೆರಳಿನ ಗುರುತಿಗೆ ಕಂದಾಗಿದ್ದವು. ಹುಡುಗರು ಕಿಸಕ್ಕನೆ ನಕ್ಕರು. ಯಾರೋ, "ಅದಕ್ಕೇ ಕದ್ದಾಳೆ," ಎಂದರು.

"ಸಿಗ್ಲಿಲ್ಲ ಅಂದ್ಮೇಲೂ ಎಲ್ರೂ ಅವ್ಳೇ ಅಂತಾರೆ. ಹೊಳೆಗೆಸೆದ್ಲು ಅಂತಾರೆ. ರಂಗನಾಥ್ ಅವ್ರು ಶನಿವಾರದೊಳಗೆ ತಂದಿಟ್ರೆ ಸಾಕು, ಯಾರನ್ನೂ ಕೇಳಲ್ಲ ಅಂದಾರೆ. ಭಾನುವಾರ ಚನ್ನಗಿರೀಲಿ ಅವರ ಪ್ರೋಗ್ರಾಂ. ಶನಿವಾರ ದಾಟಿದ್ರೆ ಓಂಕಾರ್ ಸ್ಟೇಷನ್‌ಗೆ ಹೋಗ್ತಾನೆ. ಅಂಬಿಕಾ ನಿನ್ನೆಯಿಂದ ಸ್ಕೂಲಿಗೆ ಬಂದಿಲ್ಲ. ಇನ್ನು ಕಳ್ಸಲ್ಲ ಅಂತಾರಂತೆ ಅವ್ರಜ್ಜಿ."

ಸಾವಂತ್ರಮ್ಮ ಬೇಳೆಯೊಳಗಿನ ಒಂದು ಕಲ್ಲನ್ನು ಬೆಳಕಿಗೆ ಹಿಡಿದು ನೋಡಿದರು.

"ನಿಂಗೆ ಯಾರ್ ಮೇಲೆ ಅನುಮಾನ?"

"ಎಲ್ರ ಮೇಲೂ. ಬಸ್ಸಿನಲ್ಲಿ ಬರ್ತಾ ನನ್ ಜೇಬೂ ಮುಟ್ಟಿ ನೋಡ್ಕಂಡೆ."

"ಒಂದು ಹೇಳು. ನೀವು ಉಣ್ಣೋವಾಗ ಸಣ್ಣಪ್ಪ ಸೌಟು ಮತ್ತೆ ಕೈಬಿಟ್ನಾ?"

ಓಬಳೇಶನಿಗೆ ಪ್ರಶ್ನೆಯ ತಲೆಬುಡ ತಿಳಿಯಲಿಲ್ಲ. "ಇಲ್ಲ ಅಮ್ಮಾರೆ. ಯಾಕೆ?"

"ಸುಮ್ನೆ ಕೇಳ್ದೆ. ನಾಳೆ ಗೋವಿನಕೋವಿಗೆ ಹೋಗಾನ."

ಗೋವಿನಕೋವಿಯಲ್ಲಿ ಅಂಬಿಕಾಳ ಅಪ್ಪ ಅಮ್ಮ ಗದ್ದೆಯ ಕೆಲಸಕ್ಕೆ ಹೋಗಿದ್ದರು. ಅಜ್ಜಿ ಗಿಡ್ಡಮ್ಮ ಬಾಗಿಲಿಗೆ ಅಡ್ಡ ನಿಂತಳು. ಗೋಡೆಯ ಮೇಲೆ ಬಾಬಾ ಸಾಹೇಬರ ಪಟ, ಅದರ ಕೆಳಗೆ ಅಂಬಿಕಾಳ ಹಾಡಿನ ಸ್ಪರ್ಧೆಯ ಎರಡು ಸರ್ಟಿಫಿಕೇಟು.

"ಮೇಷ್ಟ್ರೆ, ಇನ್ನೇನು ಉಳದೈತೆ ನೋಡಾಕೆ? ಮನೆ ಸುರೀಬೇಕಾ? ಸುರೀರಿ."

ಓಬಳೇಶ್ ತಲೆ ತಗ್ಗಿಸಿದ. ಸಾವಂತ್ರಮ್ಮ, "ನಾನು ಸುರಿಯಾಕೆ ಬಂದಿಲ್ಲ ಗಿಡ್ಡಮ್ಮ, ತುಂಬಾಕೆ ಬಂದೀನಿ. ಒಂದು ಲೋಟ ನೀರು ಕೊಡು," ಎಂದರು. ನೀರು ಕೇಳಿದವರನ್ನು ಹೊರಗೆ ನಿಲ್ಲಿಸಲು ಗಿಡ್ಡಮ್ಮನಿಗೆ ಆಗಲಿಲ್ಲ.

ಅಂಬಿಕಾ ಮೂಲೆಯಲ್ಲಿ ಮೊಣಕಾಲು ತಬ್ಬಿ ಕೂತಿದ್ದಳು.

"ಊಟ ಬಿಟ್ಟು ಹಾಲಿಗೆ ಯಾಕೆ ಹೋದೆ ಮಗಾ?"

"ಇನ್ನೊಂದ್ಸಲ ಮುಟ್ಟಾಕೆ."

"ಮುಟ್ದೆಯಾ?"

"ಇಲ್ಲ. ಕೀಬೋರ್ಡಿನ ದೀಪ ಆರಿತ್ತು. ಓಂಕಾರಣ್ಣ ಆನ್ ಇಟ್ಟೇ ಹೋಗಿದ್ರು, ನಾನ್ ಹೋದಾಗ ಆಫ್ ಆಗಿತ್ತು. ನಾನೇ ಬೆಳಿಗ್ಗೆ ಕೆಡ್ಸಿದ್ನೇನೋ ಅಂತ ಹೆದ್ರಿ ಓಡಿ ಬಂದೆ."

"ಇದನ್ನ ಮೇಷ್ಟ್ರಿಗ್ಯಾಕೆ ಹೇಳ್ಲಿಲ್ಲ?"

ಅಂಬಿಕಾ ಓಬಳೇಶನ ಕಡೆ ನೋಡದೆ ಹೇಳಿದಳು: "ಸಾರ್ ಕೇಳ್ಲಿಲ್ಲ. ಬ್ಯಾಗ್ ಸುರಿದ್ರು."

ವಾಪಸು ಬರುವಾಗ ಓಬಳೇಶ್ ಬಸ್ಸಿನ ಕಿಟಕಿಯಿಂದ ಹೊರಗೇ ನೋಡುತ್ತ ಕೂತ. ಹುಡುಗಿಯ ಮಾತನ್ನು ನಂಬಬೇಕೆಂದು ಅವನಿಗೆ ಆಸೆ. ಹಾಗೆ ಆಸೆಪಟ್ಟೇ ಮೋಸಹೋಗುತ್ತಿದ್ದೇನೋ ಎಂದು ಅನುಮಾನ. ಸಾವಂತ್ರಮ್ಮ ಹೊನ್ನಾಳಿಯಲ್ಲಿ ಇಳಿದು ದೊಡ್ಡಣ್ಣನನ್ನೂ ಚೈತ್ರಾಳನ್ನೂ ಬೇರೆ ಬೇರೆಯಾಗಿ ಮಾತಾಡಿಸಿದರು. ಚೈತ್ರಾ ಮೊದಲು ಬಾಯಿ ಬಿಡಲಿಲ್ಲ. ಆಮೇಲೆ, "ಓಂಕಾರ್ ನಮ್ಮನ್ನ ಬಿಟ್ಟು ಹೋಗ್ತಾನೆ. ಜಗಳೂರಲ್ಲಿ ಸ್ವಂತ ಟ್ರೂಪ್ ಕಟ್ತಾನಂತೆ. ಮೊನ್ನೆ ಬುತ್ತಿ ಉಣ್ಣೋವಾಗ ನಂಗೆ ಹೇಳ್ದ. ಸಾಹುಕಾರ್ರಿಗೆ ಹದಿನೈದು ದಿನದ ಹಿಂದೇನೇ ಹೇಳ್ಯಾನಂತೆ, ಅವ್ರು 'ಒಳ್ಳೇದಾಗ್ಲಿ ಹೋಗಪ್ಪ' ಅಂದ್ರಂತೆ," ಎಂದಳು.

"ಹಂಗಾದ್ರೆ ಓಂಕಾರನೇ ಬಚ್ಚಿಟ್ಟು ನಾಟಕ ಆಡ್ತಿದಾನೆ!" ಎಂದು ಓಬಳೇಶ್ ರಸ್ತೆಯಲ್ಲೇ ಕೂಗಿದ. "ಭಾನುವಾರದ ಪ್ರೋಗ್ರಾಂ ಕೆಡ್ಸಾಕೆ!"

"ಇರಬೋದು," ಎಂದರು ಸಾವಂತ್ರಮ್ಮ. "ಚೈತ್ರಾನೂ ಇರಬೋದು. ಓಂಕಾರ್ ಹೋದ್ರೆ ಅವ್ಳಿಗೂ ಕಷ್ಟಾನೇ. ಶನಿವಾರ ನಾಕು ಗಂಟೆಗೆ ಎಲ್ರೂ ಭವನಕ್ಕೆ ಬರ್ಲಿ. ಮಕ್ಳೂ ಬರ್ಲಿ. ದೊಡ್ಡಣ್ಣಂಗೆ ಹೇಳೀನಿ, ಸೋಮವಾರ ಹೆಂಗಿತ್ತೋ ಹಂಗೇ ಎಲ್ಲ ಜೋಡಿಸ್ತಾನೆ."

ಶನಿವಾರ ಸಾವಂತ್ರಮ್ಮ ಹಾಲಿನ ಮುಂದಿನ ಸಾಲಿನಲ್ಲಿ, ತೊಡೆಯ ಮೇಲೆ ಮೊರ ಇಟ್ಟುಕೊಂಡೇ ಕೂತಿದ್ದರು, ಪಕ್ಕದಲ್ಲಿ ಓಬಳೇಶ್. ವೇದಿಕೆಯ ಮೇಲೆ ಕೀಬೋರ್ಡು ಆನ್ ಆಗಿ ಗುಂಯ್‌ಗುಡುತ್ತಿತ್ತು. ದೊಡ್ಡಣ್ಣ ಮಿಕ್ಸರ್ ಬಿಟ್ಟು ವೇದಿಕೆಯ ಪಕ್ಕ ವೈರು ಸುತ್ತುತ್ತಿದ್ದ. ಮಕ್ಕಳು ಹೊರಗೆ ಬೇವಿನ ಮರದ ಕೆಳಗಿದ್ದರು.

ಮೊದಲು ಚೈತ್ರಾ ಬಂದಳು.

"ಬಾರವ್ವ. ಆ ಗುಂಯ್ ಅನ್ನೋದನ್ನ ಒಂಚೂರು ಆಫ್ ಮಾಡು. ವಯಸ್ಸಾದ ಕಿವಿ, ತಡಿಯಲ್ಲ."

ಚೈತ್ರಾ ನೇರ ವೇದಿಕೆ ಹತ್ತಿ ಗುಂಡಿ ಒತ್ತಿದಳು. 'ಧಡ್!' ಊಟದ ಕೋಣೆಯಿಂದ ಸಣ್ಣಪ್ಪನ ಬೈಗುಳ ಕೇಳಿತು. ಸಾವಂತ್ರಮ್ಮ ಎದೆ ಹಿಡಿದುಕೊಂಡು ನಕ್ಕರು. ಚೈತ್ರಾ ಆಚೆ ಹೋದಮೇಲೆ ದೊಡ್ಡಣ್ಣ ಮತ್ತೆ ಆನ್ ಮಾಡಿದ.

ಓಂಕಾರ್ ಬಂದ. ಅವನಿಗೂ ಅದೇ ಮಾತು. ಅವನು ಕೀಬೋರ್ಡಿನ ಎಡಮೂಲೆಯ ಸದ್ದಿನ ತಿರುಗುಣಿಯನ್ನು ಸೊನ್ನೆಗೆ ತಿರುಗಿಸಿ, ಆಮೇಲೆ ಆಫ್ ಮಾಡಿದ. ಸದ್ದಿಲ್ಲ. ಅವನೂ ಹೊರಗೆ ಹೋದ. ದೊಡ್ಡಣ್ಣ ತಿರುಗುಣಿ ಏರಿಸಿ ಮತ್ತೆ ಆನ್ ಮಾಡಿದ.

ಕೊನೆಗೆ ರಂಗನಾಥ್ ಹಿಂಬಾಗಿಲಿನಿಂದ, ಕಂಕುಳಲ್ಲಿ ಮೈಕಿನ ಡಬ್ಬಿ ಹಿಡಿದು ಬಂದರು. "ನಮಸ್ಕಾರ ಅಮ್ಮಾ. ಸಿಕ್ತಾ ಏನಾರ?"

"ಎಲ್ಲಿಂದ ಸಿಗ್ಬೇಕು. ಸ್ವಾಮಿ, ಅದೊಂದು ಗುಂಯ್ ಅಂತೈತೆ, ಆಫ್ ಮಾಡಿ ಪುಣ್ಯ ಕಟ್ಕಳ್ರಿ."

"ಅದಕ್ಕೇನಂತೆ," ಎಂದ ರಂಗನಾಥ್ ದಾರಿಯಲ್ಲಿದ್ದ ಮಿಕ್ಸರಿನ ಮೇಲೆ ಬೆರಳಾಡಿಸಿ, ನಡೆದು ಬಂದು, ವೇದಿಕೆ ಹತ್ತಿ ಗುಂಡಿ ಒತ್ತಿದರು. ಸದ್ದಿಲ್ಲ. ಓಬಳೇಶ್ ಎಲ್ಲವನ್ನೂ ನೋಡಿದ. ನೋಡಿದ್ದು ಏನೆಂದು ಅವನಿಗೆ ಹೊಳೆಯಲಿಲ್ಲ.

"ಓಬಳೇಶ, ಎಲ್ರನ್ನೂ ಒಳಗ್ ಕರಿ," ಎಂದರು ಸಾವಂತ್ರಮ್ಮ.

ಮಕ್ಕಳು ಸಾಲಾಗಿ ಬಂದರು. ಓಬಳೇಶ್ ಎಣಿಸಿದ: ಇಪ್ಪತ್ತೆರಡು. ಕೊನೆಗೆ ಗಿಡ್ಡಮ್ಮ ಮೊಮ್ಮಗಳ ಕೈ ಬಿಗಿಯಾಗಿ ಹಿಡಿದು ಬಂದು, ಯಾರ ಪಕ್ಕವೂ ಕೂರದೆ ಗೋಡೆಗೆ ಒರಗಿ ನಿಂತಳು. ಇಪ್ಪತ್ಮೂರು.

"ನಂಗೆ ರಾಗ ಗೊತ್ತಿಲ್ಲ, ಪದ ಗೊತ್ತಿಲ್ಲ," ಎಂದು ಸಾವಂತ್ರಮ್ಮ ಶುರು ಮಾಡಿದರು. "ಮಕ್ಳು ಗೊತ್ತು, ದೊಡ್ಡೋರು ಗೊತ್ತು. ಸೋಮವಾರ ಬೆಳಿಗ್ಗೆ ಈ ಮಗ ತಿಳೀದೆ ಕೀಬೋರ್ಡು ಆಫ್ ಮಾಡಿದ್ಳು. ಏನಾತು?"

"ಧಡ್ ಅಂತು!" ಎಂದರು ಮಕ್ಕಳು ಒಟ್ಟಿಗೆ.

"ಸಣ್ಣಪ್ಪಂಗೂ ಕೇಳ್ತು. ಸೌಟು ಬಿತ್ತು. ಅಂದ್ಮೇಲೆ ಕೇಳ್ರಿ. ಪೆನ್‌ಡ್ರೈವ್ ಕೀಳಾಕೆ ಮೊದ್ಲು ಆಫ್ ಮಾಡ್ಬೇಕು, ಓಂಕಾರನೇ ಹೇಳ್ಯಾನೆ. ಅದು ಹಾಳಾಗಬಾರ್ದು ಅನ್ನೋನು ಆಫ್ ಮಾಡೇ ಮಾಡ್ತಾನೆ. ಮಧ್ಯಾಹ್ನ ಆಫ್ ಆಗಿತ್ತು. ಆದ್ರೆ ಊಟದ ಕೋಣೇಲಿ ಇಪ್ಪತ್ತೈದು ಮಂದಿ ಕುಂತು ಉಣ್ತಿದ್ರು, ಯಾರಿಗೂ ಧಡ್ ಅನ್ನೋದು ಕೇಳ್ಲಿಲ್ಲ. ಸಣ್ಣಪ್ಪ, ಸೌಟು ಬಿತ್ತೇನಪ್ಪ?"

"ಇಲ್ಲ ತಾಯಿ. ಬಿದ್ದಿದ್ರೆ ನಾನು ಬಿಡ್ತಿದ್ನಾ?"

"ಯಾಕೆ ಕೇಳ್ಲಿಲ್ಲ ಅಂದ್ರೆ, ಆಫ್ ಮಾಡೋಕೆ ಮೊದ್ಲು ಯಾರೋ ಸದ್ದು ಇಳಿಸಿದ್ರು. ಎರಡು ಜಡೆ ಹುಡ್ಗಿಗೆ ಆ ಸೂಕ್ಷ್ಮ ಗೊತ್ತಿದ್ರೆ ಬೆಳಿಗ್ಗೆ ನಮ್ ಸಣ್ಣಪ್ಪನ ಎದೆ ಒಡೀತಿರ್ಲಿಲ್ಲ. ಆಮೇಲೂ ಅವ್ಳಿಗೆ ಗೊತ್ತಾಗ್ಲಿಲ್ಲ, ಕೀಬೋರ್ಡೇ ಕೆಡ್ತೇನೋ ಅಂತ ಹೆದರಿದ್ಳು. ಇದು ಮಕ್ಳ ಕೈ ಅಲ್ಲ. ಸೌಂಡಿನಲ್ಲಿ ಪಳಗಿದ ಕೈ. ಅಂಥ ಕೈ ಕದಿಯೋವಾಗ್ಲೂ ಸ್ಪೀಕರ್ ಕಾಯ್ತೈತೆ."

ಓಬಳೇಶನ ಎದೆಯಿಂದ ಐದು ದಿನದ ಉಸಿರು ಹೊರಬಿತ್ತು. ಗೋಡೆಯ ಕಡೆ ನೋಡಲು ಮಾತ್ರ ಧೈರ್ಯ ಬರಲಿಲ್ಲ.

"ಹಂಗಂದ್ರೆ ನಾನಾ?" ಎಂದು ಓಂಕಾರ್ ಎದ್ದು ನಿಂತ.

"ನೀನಾಗಿದ್ರೆ ನಿನ್ ಕೈ ಹತ್ರಾನೇ ತಿರುಗುಣಿ ಐತೆ. ಅದನ್ನ ಇಳಿಸ್ತಿದ್ದೆ. ಈಗ ಅರ್ಧ ಗಂಟೆ ಹಿಂದೆ ಅದನ್ನೇ ಮಾಡ್ದೆ. ಆದ್ರೆ ಸೋಮವಾರ ಇಳಿದಿದ್ದು ತಿರುಗುಣಿ ಅಲ್ಲ, ಅಲ್ಲಿ ಹಿಂದಿರೋ ಮಿಕ್ಸರಿನ ನಾಲ್ಕನೇ ಸ್ಲೈಡರು. ದೊಡ್ಡಣ್ಣ ಅದನ್ನ ಎಲ್ರ ಮುಂದೆ ಹೇಳ್ದ, ಯಾರೂ ಕಿವಿಗೆ ಹಾಕ್ಕಳ್ಲಿಲ್ಲ. ಚೈತ್ರಾಗೆ ಅದ್ಯಾವ್ದೂ ಗೊತ್ತಿಲ್ಲ; ಗುಂಡಿ ಒತ್ತಿ ನನ್ನ ಸಾಯಿಸ್ತಿದ್ಳು. ಮಿಕ್ಸರಿಗೆ ಕೈ ಹಾಕೋನು ದೊಡ್ಡಣ್ಣ. ಅವ್ನು ನಮ್ ಮೇಷ್ಟ್ರ ಪಕ್ಕ ಕುಂತು ಮೂರು ಸಲ ಚಿತ್ರಾನ್ನ ಹಾಕಿಸ್ಕಂಡ. ಇನ್ಯಾರು? ಸೌಂಡ್ ಸೆಟ್ ಬಾಡಿಗೆಗೆ ಕೊಟ್ಟು, ವರ್ಷಗಟ್ಲೆ ಆ ಮಿಕ್ಸರ್ ಮುಂದೆ ಕುಂತೋರು ಇನ್ನೊಬ್ರು ಇದಾರೆ. ಅವ್ರ ಬೆರಳು ಇವತ್ತೂ ಮರ್ತಿಲ್ಲ. ದೊಡ್ಡಣ್ಣ, ನಾಲ್ಕು ಎಲ್ಲೈತೆ ನೋಡು."

ದೊಡ್ಡಣ್ಣ ಹಿಂಬಾಗಿಲ ಹತ್ತಿರ ಹೋಗಿ ಬಗ್ಗಿದ. ಅವನ ಧ್ವನಿ ಸಣ್ಣದಾಗಿ ಬಂತು. "ಕೆಳಗೈತೆ ಅಮ್ಮಾರೆ. ನಾನ್ ಮೇಲಿಟ್ಟಿದ್ದೆ."

ಎಲ್ಲರ ಮುಖ ರಂಗನಾಥರ ಕಡೆ ತಿರುಗಿತು. ಅವರು ನಕ್ಕರು. ನಗು ಅರ್ಧಕ್ಕೇ ನಿಂತಿತು. "ಅಭ್ಯಾಸ ಅದು. ಅಭ್ಯಾಸಾನ ಕಳ್ತನ ಅಂದ್ರೆ ಹೆಂಗಮ್ಮ?"

"ಅದಕ್ಕೇ ಇನ್ನೆರಡು ಕೇಳ್ತೀನಿ. ಎರಡು ವರ್ಷ ಮಕ್ಳನ್ನ ಬಿಡಲ್ಲ ಅಂದೋರು, ಓಂಕಾರ್ ಹೋಗ್ತೀನಿ ಅಂದ ಮುಂದಿನ ವಾರಾನೇ ಯಾಕೆ ಫೋನ್ ಮಾಡಿ ಕರೆದ್ರಿ? ನೀವೇ ಕರೆದು ಕೀಬೋರ್ಡು ಯಾಕೆ ಮುಟ್ಟಿಸಿದ್ರಿ? ಇಪ್ಪತ್ಮೂರು ಮಕ್ಳ ಬೆರಳು ಬಿದ್ಮೇಲೆ ನಿಮ್ ಬೆರಳು ಯಾರಿಗೆ ಕಾಣ್ತೈತೆ! ಪೊಲೀಸ್ ಬ್ಯಾಡ ಅಂದಿದ್ದು ಮಕ್ಳ ಮೇಲಿನ ದಯಾ ಅಲ್ಲ ಸ್ವಾಮಿ. ಎರಡ್ನೇದು, ಅವತ್ತು ಎಲ್ರ ಬ್ಯಾಗೂ ನೋಡಿದ್ರು, ನಿಮ್ ಜೇಬೂ ನೋಡಿದ್ರು. ನೋಡದೇ ಉಳಿದಿದ್ದು ಒಂದೇ. ಚೈತ್ರಾ, ನೀನು ಸಾಹುಕಾರ್ರ ಮೈಕಿನಲ್ಲಿ ಯಾವತ್ತಾದ್ರೂ ಹಾಡೀಯಾ?"

"ಅಯ್ಯೋ ಇಲ್ಲ. ಒಬ್ರ ಮೈಕು ಇನ್ನೊಬ್ರು ಮುಟ್ಟಂಗಿಲ್ಲ. ಎಂಜಲು ಇದ್ದಂಗೆ ಅದು."

"ಅದಕ್ಕೇ ಆ ಡಬ್ಬಿ ಯಾರೂ ತೆಗೀಲಿಲ್ಲ. ನಾನೂ ಮುಟ್ಟಲ್ಲ. ನೀವೇ ತೆಗೀರಿ."

ರಂಗನಾಥ್ ಡಬ್ಬಿಯನ್ನು ಎದೆಗೆ ಒತ್ತಿಕೊಂಡೇ ನಿಂತರು. ಆಮೇಲೆ ಕೂತು, ಮುಚ್ಚಳ ತೆಗೆದು, ಮೈಕಿನ ಕೆಳಗಿದ್ದ ಸ್ಪಂಜನ್ನು ಎತ್ತಿದರು. ಕಪ್ಪು ಪೆನ್‌ಡ್ರೈವ್ ಅಲ್ಲಿತ್ತು.

ಓಂಕಾರ್ ಅದನ್ನು ತೆಗೆದುಕೊಳ್ಳಲಿಲ್ಲ; ನೋಡುತ್ತ ನಿಂತ.

"ಹನ್ನೆರಡು ವರ್ಷ ಜೊತೆಗಿಟ್ಕಂಡು ಸಾಕೀನಿ ಇವ್ನ," ಎಂದರು ರಂಗನಾಥ್, ಯಾರನ್ನೂ ನೋಡದೆ. "ಇವ್ನು ಹೋದ್ರೆ ಹೊಳೆದಂಡೆ ಮೆಲೊಡೀಸ್ ಅಂದ್ರೆ ಏನೈತೆ? ಬರೀ ನನ್ನ ಸೋತ ಗಂಟ್ಲು. ಇದೊಂದು ಕೈಲಿದ್ರೆ ನಿಲ್ತಾನೆ ಅಂದ್ಕಂಡೆ. ಹುಡ್ಗಿಗೆ ಕೆಟ್ಟದ್ದು ಮಾಡ್ಬೇಕು ಅಂತಿರ್ಲಿಲ್ಲ. ಚಿಕ್ಕ ಮಕ್ಳು, ನಾಕು ದಿನಕ್ಕೆ ಮರೀತಾರೆ ಅಂದ್ಕಂಡೆ."

ಗೋಡೆಯ ಹತ್ತಿರದಿಂದ ಗಿಡ್ಡಮ್ಮ ಮಾತಾಡಿದಳು. ಧ್ವನಿ ಏರಿಸಲಿಲ್ಲ.

"ಸ್ವಾಮಿ, ನಮ್ಮಜ್ಜೀನ ಕಳ್ಳಿ ಅಂದಿದ್ರಂತೆ, ಯಾರ್ದೋ ಕಣದಾಗೆ. ನಾನಾಗ ಹುಟ್ಟೇ ಇರ್ಲಿಲ್ಲ. ನಂಗೆ ಇವತ್ತೂ ನೆನಪೈತೆ. ಇವ್ಳು ಹೆಂಗೆ ಮರೀತಾಳೆ?"

ಸಾವಂತ್ರಮ್ಮ ಮೊರವನ್ನು ಪಕ್ಕಕ್ಕಿಟ್ಟು ರಂಗನಾಥರ ಕಡೆ ತಿರುಗಿದರು.

"ಸೋಮವಾರ ಬೆಳಿಗ್ಗೆ ಗೋವಿನಕೋವಿ ಸ್ಕೂಲಿಗೆ ಬರ್ರಿ. ಪ್ರೇಯರ್ ಆದ್ಮೇಲೆ, ಎಲ್ಲಾ ಮಕ್ಳ ಮುಂದೆ, ಇದನ್ನೇ ಹೇಳ್ರಿ. ಮೈಕ್ ಬ್ಯಾಡ. ನಿಮ್ ಗಂಟ್ಲಿಗೆ ಅಷ್ಟು ಶಕ್ತಿ ಐತೆ."

ರಂಗನಾಥ್ ತಲೆಯಾಡಿಸಿದರು. ಓಂಕಾರ್ ಕೊನೆಗೂ ಪೆನ್‌ಡ್ರೈವ್ ಎತ್ತಿಕೊಂಡ. ಚನ್ನಗಿರಿಯವರಿಗೆ ಕೊಟ್ಟ ಮಾತಿಗೆ ಭಾನುವಾರ ನುಡಿಸುತ್ತೇನೆ, ಆಮೇಲೆ ನನ್ನ ದಾರಿ ನನ್ನದು ಎಂದ. ಹೊರಗೆ ಹೋಗುವ ಮೊದಲು ಅಂಬಿಕಾಳ ಹತ್ತಿರ ನಿಂತು, "ಆ ರಟ್ಟು ಐತಾ ಇನ್ನೂ?" ಎಂದು ಕೇಳಿದ. ಅವಳು ಹೌದೆಂದು ಗೋಣು ಹಾಕಿದಳು. "ನಾಳೆ ನಾವು ಚನ್ನಗಿರಿಗೆ ಹೊರಡೋಕೆ ಮೊದ್ಲು ಇಲ್ಲಿಗೆ ಬಾ. ಸದ್ದು ಬರೋದ್ರ ಮೇಲೆ ಒತ್ತೀಯಂತೆ."

ಎಲ್ಲ ಮುಗಿಯಿತೆಂದು ಮಕ್ಕಳು ಏಳತೊಡಗಿದರು.

"ಕುಂತ್ಕಳ್ರಿ," ಎಂದ ಓಬಳೇಶ್. ತನ್ನ ಬ್ಯಾಗನ್ನು ಹೆಗಲಿನಿಂದ ತೆಗೆದು, ಗೋಡೆಯ ಹತ್ತಿರ ಹೋಗಿ, ಅಂಬಿಕಾಳ ಮುಂದೆ ಹಿಡಿದ. "ಅವತ್ತು ಎಲ್ರ ಮುಂದೆ ನಾನು ನಿನ್ನ ಬ್ಯಾಗ್ ಸುರಿದೆ. ಕೇಳದೇನೇ. ತಪ್ಪಾತು. ಈಗ ಎಲ್ರ ಮುಂದೆ ನನ್ನದು ನೀನು ಸುರಿ."

"ಬ್ಯಾಡ ಸಾರ್."

"ಸುರಿಯವ್ವ," ಎಂದಳು ಗಿಡ್ಡಮ್ಮ. "ಮೇಷ್ಟ್ರು ಹೇಳ್ತಾರಲ್ಲ."

ಅಂಬಿಕಾ ಸುರಿಯಲಿಲ್ಲ. ನೆಲದ ಮೇಲೆ ಕೂತು ಒಂದೊಂದನ್ನೇ ತೆಗೆದಿಟ್ಟಳು. ಊಟದ ಡಬ್ಬಿ. ಮಡಚುವ ಕೊಡೆ. ತಲೆನೋವಿನ ಮಾತ್ರೆ. ಕೊನೆಗೆ ಎಂಟನೇ ತರಗತಿಯ ಹಾಜರಿ ಪುಸ್ತಕ. ಅದನ್ನು ಬಿಡಿಸಿ ನೋಡಿದಳು. ಎಲ್ಲರ ಹೆಸರಿನ ಮುಂದೆ ಗುರುತಿತ್ತು. ಅವಳ ಹೆಸರಿನ ಮುಂದೆ ಮಂಗಳವಾರದಿಂದ ಶನಿವಾರದವರೆಗೆ ಐದು ಮನೆ ಖಾಲಿ.

"ಇದ್ಯಾಕ್ ಸಾರ್ ಖಾಲಿ ಬಿಟ್ಟೀರಿ?"

"ಗೈರು ಅಂತ ಬರೆದ್ರೆ ತಪ್ಪು ನಿಂದು ಅಂದಂಗೆ ಆಗ್ತಿತ್ತು. ಹಾಜರು ಅಂತ ಬರೆಯಾಕೆ ನೀನಿರ್ಲಿಲ್ಲ. ಏನ್ ಬರೀಬೇಕು ಗೊತ್ತಾಗ್ಲಿಲ್ಲ."

ಅಂಬಿಕಾ ಸ್ವಲ್ಪ ಹೊತ್ತು ಆ ಖಾಲಿ ಮನೆಗಳನ್ನೇ ನೋಡಿದಳು. ಆಮೇಲೆ ಅವನ ಜೇಬಿನ ಪೆನ್ನಿಗೆ ಕೈಚಾಚಿದಳು. ಅವನು ಕೊಟ್ಟ. ಐದೂ ಮನೆಯಲ್ಲಿ ಅವಳು ಗುಂಡಗಿನ ಅಕ್ಷರದಲ್ಲಿ 'ಗೈ' ಎಂದು ಬರೆದಳು.

"ಬಂದಿರ್ಲಿಲ್ಲ ಸಾರ್, ನಿಜಾನೇ. ಸುಳ್ಳು ಬರೀಬಾರ್ದು," ಎಂದು ಪುಸ್ತಕ ಮುಚ್ಚಿ ಅವನ ಕೈಗಿಟ್ಟಳು. "ನಾಡಿದ್ದು ಸೋಮವಾರದ್ದು ನೀವೇ ಬರೀರಿ."